ತಂಗಿ ತೋರಿಸಿದ ವೆನ್ಲೊ

ನೆದರ್‌ಲ್ಯಾಂಡ್ಸ್ ದೇಶದಲ್ಲಿ ವೆನ್ಲೊ ಅಂತ ಒಂದು ಊರಿದೆ. ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ತಮಿಳುನಾಡಿನ ನಮ್ಮ ಧರ್ಮಪುರಿಗಿಂತ ಸ್ವಲ್ಪ ದೊಡ್ಡದು ಅನ್ನಬಹುದು, ಸೇಲಂ ಪಕ್ಕದಲ್ಲಿಟ್ಟರೆ ಒಂದು ಮೂಲೆಗೂ ಸಾಲದು. ಪೂರ್ವಕ್ಕೆ ಸ್ವಲ್ಪ ದೂರ ನಡೆದರೆ ಜರ್ಮನಿ. ಊರನ್ನು ಒತ್ತಿಕೊಂಡು ಮಾಸ್ ಅನ್ನುವ ಹೊಳೆ, ಹೊಳೆಗೆ ಸೇತುವೆ, ಈಚೆ ದಡದಲ್ಲಿ ಹಳೆಯ ಪೇಟೆ, ಊರಾಚೆ ಕಣ್ಣು ಹಾಯುವಷ್ಟು ದೂರ ಗಾಜಿನ ಮನೆಗಳು. ಇದನ್ನೆಲ್ಲ ನಾನು ಪುಸ್ತಕ ಓದಿ ತಿಳಿದದ್ದಲ್ಲ. ಪಾಲಕೋಡಿನ ಹತ್ತಿರದ ನಮ್ಮ ಹಳ್ಳಿಯಲ್ಲಿ, ಮನೆಯ ಜಗಲಿಯ ಮೇಲೆ ಅವ್ವನ ಪಕ್ಕ ಕೂತು, ಭಾನುವಾರ ಭಾನುವಾರ ಫೋನಿನಲ್ಲಿ ನೋಡಿ ತಿಳಿದದ್ದು. ತೋರಿಸುತ್ತಿದ್ದವಳು ನನ್ನ ತಂಗಿ. ಅವಳು ಈಗ ಇಲ್ಲ.

ನಾನು ತಕ್ಕಾಳಿ ಬೆಳೆಯುವವನು. ಟೊಮೆಟೊ ಅಂತ ಬರೆಯಬೇಕೇನೋ, ಆದರೆ ನಮ್ಮ ಮನೆಯ ಕನ್ನಡದಲ್ಲೂ ಅದು ತಕ್ಕಾಳಿಯೇ. ನಾನು ಶಾಲೆಯಲ್ಲಿ ಓದಿದ್ದು ತಮಿಳು. ಕನ್ನಡದ ಅಕ್ಷರ ಕಲಿಸಿದವಳು ಆನೇಕಲ್ ಕಡೆಯಿಂದ ಬಂದ ನನ್ನ ಹೆಂಡತಿ, ಮದುವೆಯಾದ ಹೊಸತರಲ್ಲಿ, ಬೈದು ಬೈದು. ತಂಗಿ ನನಗಿಂತ ತುಂಬಾ ಚಿಕ್ಕವಳು. ಕೃಷಿ ಓದಿದಳು, ಹೊಸೂರಿನ ಗುಲಾಬಿ ತೋಟಗಳಲ್ಲಿ ಕೆಲಸ ಮಾಡಿದಳು, ಆಮೇಲೆ ಗಾಜಿನ ಮನೆಯಲ್ಲಿ ತಕ್ಕಾಳಿ ನೋಡಿಕೊಳ್ಳುವ ಕೆಲಸ ಸಿಕ್ಕಿ ವೆನ್ಲೊಗೆ ಹೋದಳು. ಊರಿನವರೆಲ್ಲ ನಕ್ಕರು. "ತಕ್ಕಾಳಿ ಬೆಳ್ಯಾಕೆ ಪ್ಲೇನ್ ಅತ್ಬೇಕಾ? ಅಣ್ಣನ ಒಲ ಸಾಲ್ದಾ?" ಅಂದರು. ನಿಜ ಹೇಳಬೇಕೆಂದರೆ ಆ ಮಾತನ್ನು ಮೊದಲು ಅಂದವನು ನಾನೇ.

ಭಾನುವಾರ ಅವಳಿಗೆ ರಜೆ. ಅಲ್ಲಿ ಬೆಳಗಾಗಿರುತ್ತಿತ್ತು, ಇಲ್ಲಿ ನಮ್ಮ ಊಟ ಮುಗಿದಿರುತ್ತಿತ್ತು. ಫೋನನ್ನು ಮುಂದಕ್ಕೆ ಹಿಡಿದುಕೊಂಡು ಅವಳು ನಡೆಯಲು ಶುರು ಮಾಡುತ್ತಿದ್ದಳು. ಮೊದಲು ಅವಳ ಬೀದಿ: ಇಟ್ಟಿಗೆ ನೆಲ, ಇಟ್ಟಿಗೆ ಗೋಡೆ, ಎಲ್ಲವೂ ಒಂದೇ ಕೆಂಪು. ಅವಳು ಇದ್ದದ್ದು ಒಂದು ಹಳೆಯ ಮನೆಯ ಮೇಲಿನ ಕೋಣೆಯಲ್ಲಿ. ಕೆಳಗೆ ಮನೆಯ ಒಡತಿ, ಒಬ್ಬ ಮುದುಕಿ, ಕಿಟಕಿಯಿಂದ ನಮಗೆ ಕೈ ಬೀಸುತ್ತಿದ್ದಳು. ಬೀದಿ ದಾಟಿದರೆ ರೈಲು ನಿಲ್ದಾಣ, ಅಲ್ಲಿಂದ ಮುಂದೆ ಪೇಟೆಯ ಚೌಕ. ಚೌಕದ ನಡುವೆ ಎರಡು ಗೋಪುರಗಳಿದ್ದ ಒಂದು ಹಳೆಯ ಕಟ್ಟಡ.

ಅವ್ವ ಮೊದಲ ಸಲ ಅದನ್ನು ನೋಡಿ ಕೈಮುಗಿದಳು. "ಯಾವ ದೇವ್ರು ಮಗಾ?"

"ದೇವ್ರಲ್ಲ ಕಣವ್ವ, ಮುನ್ಸಿಪಾಲ್ಟಿ ಆಪೀಸು."

"ಮುನ್ಸಿಪಾಲ್ಟಿಗೆ ಯಾಕ್ಲೇ ಗೋಪುರ?"

ಮುಂದಿನ ವಾರ ತಂಗಿ ಅವ್ವನಿಗಾಗಿಯೇ ನಿಜವಾದ ದೇವರನ್ನು ಹುಡುಕಿ ತೋರಿಸಿದಳು. ಅಲ್ಲಿ ಹೊಲದ ದಾರಿಗಳು ಕೂಡುವ ಕಡೆ ಸಣ್ಣ ಗೂಡಿನಂಥ ಗುಡಿಯಲ್ಲಿ ಮೇರಿಯಮ್ಮನನ್ನು ಕೂರಿಸಿ ಹೂವು ಇಟ್ಟಿರುತ್ತಾರೆ. ನಮ್ಮ ಹೊಲದ ಬದುವಿನ ಕಾವಲುದೇವರು ಮುನಿಯಪ್ಪನ ಹಾಗೆಯೇ. ಅವ್ವನಿಗೆ ಆ ಊರಿನ ಮೇಲೆ ನಂಬಿಕೆ ಬಂದದ್ದು ಅವತ್ತಿನಿಂದ.

ಒಂದು ಶನಿವಾರ ಬಿಡುವು ಮಾಡಿಕೊಂಡು ಅಲ್ಲಿಯ ಸಂತೆಯನ್ನೂ ತೋರಿಸಿದಳು. ಗಡಿಯಾಚೆಯಿಂದ ಜರ್ಮನಿಯವರು ಕಾರು ತುಂಬಿಕೊಂಡು ಬರುತ್ತಾರೆ, ಕಾಫಿಪುಡಿ ಕೊಳ್ಳುತ್ತಾರೆ, ಮೀನು ಕರಿದದ್ದನ್ನು ನಿಂತಲ್ಲೇ ತಿನ್ನುತ್ತಾರೆ, ದೀಪಾವಳಿಗೆ ಬಟ್ಟೆ ತರಲು ನಾವು ಸೇಲಂಗೆ ನುಗ್ಗುವ ಹಾಗೆ. ಸೇತುವೆಯನ್ನು ತೋರಿಸುವಾಗ, ಯುದ್ಧದ ಕಾಲದಲ್ಲಿ ಇದನ್ನು ಒಡೆಯಲು ವಿಮಾನಗಳು ಮತ್ತೆ ಮತ್ತೆ ಬಂದು ಬಾಂಬು ಹಾಕಿದವಂತೆ, ಸೇತುವೆಗೆ ಬೀಳಬೇಕಾದದ್ದು ಪಕ್ಕದ ಮನೆಗಳ ಮೇಲೆ ಬಿತ್ತಂತೆ, ಅದಕ್ಕೇ ಇಲ್ಲಿ ಒಂದು ಹಳೆಯ ಮನೆಯ ಪಕ್ಕ ನಾಲ್ಕು ಹೊಸ ಮನೆ ಅಂದಳು. ಹೊಳೆಯನ್ನು ನೋಡಿದಾಗ ಅವ್ವ ಕೇಳಿದ್ದು ಒಂದೇ, "ಅಣೆ ಎಲ್ಲೈತೆ?" ಮೆಟ್ಟೂರು ಅಣೆಕಟ್ಟು ನೋಡಿ ಬೆಳೆದವಳಿಗೆ ಅಣೆಯಿಲ್ಲದ ಹೊಳೆ ಅಂದರೆ ಮೂಗುದಾರ ಇಲ್ಲದ ಎತ್ತು. ಮಳೆ ಜಾಸ್ತಿಯಾದರೆ ಆ ಹೊಳೆ ಬೀದಿಗೇ ಬರುತ್ತದೆ ಅಂತ ತಂಗಿ ಹೇಳಿದ ಮೇಲೆ, ಇಲ್ಲಿ ನಮ್ಮೂರಲ್ಲಿ ಮೋಡ ಕಟ್ಟಿದರೂ ಅವ್ವ ಅಲ್ಲಿಗೆ ಫೋನ್ ಹಚ್ಚಿಸುತ್ತಿದ್ದಳು.

ನನಗೆ ಹೊಟ್ಟೆಕಿಚ್ಚು ಬರಿಸಿದ್ದು ಒಂದು ದಿನ ಕೆಲಸದ ನಡುವೆ ಅವಳು ತೋರಿಸಿದ ಗಾಜಿನ ಮನೆ. ಮಣ್ಣೇ ಇಲ್ಲ. ನಾರಿನ ದಿಂಡಿನಲ್ಲಿ ಬೇರು, ದಾರದ ಮೇಲೆ ಬಳ್ಳಿ, ಪರಾಗಕ್ಕೆ ಪೆಟ್ಟಿಗೆಯಲ್ಲಿ ತಂದಿಟ್ಟ ದುಂಬಿ. ಬಳ್ಳಿ ಸೂರಿಗೆ ಮುಟ್ಟಿದರೆ ದಾರ ಸಡಿಲಿಸಿ ಕೆಳಗಿಳಿಸುತ್ತಾರೆ, ಅದು ಮತ್ತೆ ಹತ್ತುತ್ತದೆ. "ಇದು ತಕ್ಕಾಳಿ ಅಲ್ಲ, ಗೊಂಬೆಯಾಟ" ಅಂದೆ. ಅವಳು ನಕ್ಕಳು. ಅವಳ ಜೊತೆ ಕೆಲಸ ಮಾಡುತ್ತಿದ್ದ ಪೋಲೆಂಡಿನ ಹೆಂಗಸೊಬ್ಬಳು ಏನೆಂದು ಕೇಳಿ, ತಾನೂ ನಕ್ಕಳು.

ಇನ್ನೊಂದು ವಿಷಯ ಅವಳಿಗೆ ಬಹಳ ಹಿಡಿಸಿತ್ತು. ಆ ಊರಿನವರು ಶಾಲೆಯಲ್ಲಿ ಓದುವುದು ಡಚ್, ಮನೆಯಲ್ಲಿ ಆಡುವುದು ಬೇರೆಯೇ ಒಂದು ಮಾತು. ಕೆಳಗಿನ ಮನೆಯ ಮುದುಕಿಗೆ ಡಚ್ ಮಾತಾಡಿದರೆ ಬಾಯಿಗೆ ಕಲ್ಲು ಸಿಕ್ಕಿದ ಹಾಗಂತೆ. ಚಳಿಗಾಲದ ಕೊನೆಗೆ ಊರಿಗೆ ಊರೇ ವೇಷ ಹಾಕಿಕೊಂಡು ಕುಣಿಯುವ ಹಬ್ಬದಲ್ಲಿ ಹಾಡೆಲ್ಲ ಆ ಮನೆಮಾತಿನಲ್ಲೇ. "ಅಣ್ಣ, ಇವ್ರೂ ನಮ್ಮಂಗೇ ಕಣ. ಇಸ್ಕೂಲ್‌ದೊಂದು, ಒಲೆ ಮುಂದೆ ಒಂದು. ಆದ್ರೆ ಇವ್ರು ನಾಚ್ಕೊಳ್ಳಲ್ಲ" ಅಂದಳು. ಮುದುಕಿ ಅವಳಿಗೆ ತನ್ನ ಮಾತು ಕಲಿಸಿದಳು, ಅವಳು ಮುದುಕಿಗೆ "ಉಂಡ್ಯಾ?" ಅನ್ನುವುದನ್ನು ಕಲಿಸಿದಳು. ಕಿಟಕಿಯಲ್ಲಿ ಕೈ ಬೀಸುವಾಗ ಮುದುಕಿ ಅವ್ವನಿಗೆ "ಉಂಡ್ಯಾ?" ಅಂತ ಕೂಗುತ್ತಿದ್ದಳು. ಅವ್ವ "ಉಂಡೆ, ನೀನು?" ಅಂತ ಕೂಗುತ್ತಿದ್ದಳು.

ಒಂದು ಹರಕೆ ಮಾತ್ರ ಬಾಕಿ ಇತ್ತು. ನಮ್ಮ ಮನೆದೇವರು ಇರುವುದು ಕೊಳತ್ತೂರಿನ ಮೇಲಿರುವ ಪಾಲಮಲೆ ಬೆಟ್ಟದಲ್ಲಿ. ತಂಗಿಗೆ ಈ ಕೆಲಸ ಸಿಕ್ಕರೆ ಅವಳ ಮುಡಿ ಕೊಡಿಸುತ್ತೇನೆ ಅಂತ ಅವ್ವ ಹೊತ್ತುಕೊಂಡಿದ್ದಳು. ಕೆಲಸ ಸಿಕ್ಕಿತು. ಆದರೆ ತಂಗಿ ರಜೆಗೆ ಬಂದಾಗಲೆಲ್ಲ ಏನಾದರೊಂದು ನೆಪ. "ಬೋಳುತಲೇಲಿ ಕೆಲ್ಸಕ್ಕೆ ಎಂಗವ್ವ ಓಗ್ಲಿ? ಮುಂದಿನ್ಸಲ ನೋಡವ." ಅವಳ ಕೂದಲು ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲದಷ್ಟು ದಟ್ಟ. ಅವ್ವನೂ ಎಣ್ಣೆ ಹಚ್ಚುವಾಗ ಅದನ್ನು ಕೈಯಲ್ಲಿ ತೂಗಿ ನೋಡಿ ಸುಮ್ಮನಾಗುತ್ತಿದ್ದಳು. ಕೊಡಿಸುವ ಮನಸ್ಸು ಅವಳಿಗೂ ಪೂರ್ತಿ ಇರಲಿಲ್ಲ ಅಂತ ನನಗೆ ಅನುಮಾನ.

ಹೋದ ವರ್ಷ ಮಾವಿನ ಕಾಲ ಮುಗಿಯುವ ಹೊತ್ತಿಗೆ ವೆನ್ಲೊ ಚಿಕ್ಕದಾಗುತ್ತ ಬಂತು. ಮೊದಲು ಹೊಳೆ ನಿಂತಿತು, ಗಾಳಿ ಜಾಸ್ತಿ ಅಂದಳು. ಆಮೇಲೆ ಚೌಕ ನಿಂತಿತು. ಬೀದಿಯ ತುದಿಯವರೆಗೆ ಹೋಗಿ ಬರುತ್ತಿದ್ದಳು, ಕೊನೆಗೆ ಅದೂ ಇಲ್ಲ. ಕೋಣೆಯ ಕಿಟಕಿಯಿಂದ ಎದುರುಮನೆಯ ಚಾವಣಿ, ಅದರ ಮೇಲೆ ಒಂದು ಹಕ್ಕಿ, ಅಷ್ಟೇ. ತಲೆಗೆ ಉಣ್ಣೆಯ ಟೋಪಿ. ಚಳಿ ಅಂದಳು. ಅವಳು ಅಂದಳು, ನಾವು ನಂಬಿದೆವು.

ಒಂದು ಭಾನುವಾರ ಏನನ್ನೋ ಎತ್ತಿಕೊಳ್ಳಲು ಬಗ್ಗಿದಾಗ ಟೋಪಿ ಜಾರಿತು. ತಲೆ ನುಣ್ಣಗೆ ಇತ್ತು.

ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. "ಅಯ್ಯೋ ನನ್ನವ್ವ, ತಲೆ ಬೋಳ್ಸಿ ಮೊಟ್ಟೈ ಒಡುಸ್ಬುಟ್ಯಾ? ಅಲ್ಲೇ ಮುಡಿ ಕೊಟ್ಬುಟ್ಯಾ?"

ಇದನ್ನು ಓದುವವರಿಗೆ ತಕ್ಷಣ ಬೇರೆ ಏನೋ ಹೊಳೆದಿರಬಹುದು. ನಮಗೆ ಹೊಳೆಯಲಿಲ್ಲ. ನಮ್ಮ ಕಡೆ ಬೋಳಿಸಿದ ತಲೆ ಅಂದರೆ ತೀರಿದ ಹರಕೆ. ತಿರುಪತಿಯಿಂದ, ಪಳನಿಯಿಂದ ಬಂದ ಹೆಂಗಸರು ತಲೆಗೆ ಗಂಧ ಬಳಿದುಕೊಂಡು ಬಸ್ಸಿನಲ್ಲಿ ನಗುನಗುತ್ತ ಕೂತಿರುತ್ತಾರೆ, ಜನ ಎದ್ದು ಜಾಗ ಕೊಡುತ್ತಾರೆ. ನಾನೂ ಹಾಗೇ ಅಂದುಕೊಂಡೆ. ಅವಳಿಗೆ ಹುಬ್ಬೂ ಇರಲಿಲ್ಲ. ಅದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ತಂಗಿ ಟೋಪಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ, "ಊಂ ಕಣವ್ವ, ಕೊಟ್ಬುಟ್ಟೆ. ಇಲ್ಲೇ ಒಳೆ ದಡದಲ್ಲಿ ಕೊಟ್ಟೆ" ಅಂದಳು.

"ಬೆಟ್ಟದ ಅಪ್ಪನ್ನ ನೆನ್ಸ್ಕಂಡ್ಯಾ?"

"ನೆನ್ಸ್ಕಂಡೆ."

ಅವ್ವ ಬೀದಿಗೆಲ್ಲ ಹೇಳಿಕೊಂಡು ಬಂದಳು. ಕೂದಲು ಆ ಹೊಳೆಯಲ್ಲಿ ಬಿಟ್ಟರೇನು, ನೀರು ನೀರೇ, ಆದರೆ ಬೆಟ್ಟದಲ್ಲಿ ಒಂದು ಮಾತು ಹೇಳಬೇಕಲ್ಲ ಅಂತ ಹಟ ಹಿಡಿದಳು. ಮುಂದಿನ ವಾರವೇ ನಾನು, ಹೆಂಡತಿ, ಅವ್ವ ಹೊರಟೆವು. ಧರ್ಮಪುರಿ, ಮೆಟ್ಟೂರು, ಕೊಳತ್ತೂರು, ಎಲ್ಲ ಕಡೆ ಬಸ್ಸು ಬದಲಿಸಿ, ಆಮೇಲೆ ಕಾಲ್ನಡಿಗೆ. ಮಂಡಿನೋವಿನ ಅವ್ವ ನನ್ನ ಕೈ ಬೇಡ ಅಂದು ತಾನೇ ಹತ್ತಿದಳು. ಮೇಲೆ ಹೋಗಿ ಯಾರಿಗೂ ಹೇಳದೆ ಕೇಳದೆ ಕ್ಷೌರದವನ ಮುಂದೆ ಕೂತುಬಿಟ್ಟಳು. "ನನ್ ಮಗ್ಳು ಅಷ್ಟು ದೂರ್ದಲ್ಲಿದ್ದು ಮರೀಲಿಲ್ಲ, ನಂದೂ ಇರ್ಲಿ" ಅಂದಳು.

ಆ ಭಾನುವಾರ ಫೋನಿನಲ್ಲಿ ಎರಡು ಬೋಳುತಲೆ. ಅವ್ವನದಕ್ಕೆ ಗಂಧ ಹಚ್ಚಿತ್ತು. "ನೋಡ್ಲೇ, ನಿಂಗಿಂತ ನಾನೇ ಲಚ್ಚಣ" ಅಂತ ಅವ್ವ ತಲೆ ತಿರುಗಿಸಿ ತಿರುಗಿಸಿ ತೋರಿಸಿದಳು. ತಂಗಿ ನಗಲು ಶುರು ಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ಮತ್ತೆ ನಕ್ಕಳು. ಅವ್ವನೂ ನಕ್ಕಳು. ಅವರಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮಾರನೆಯ ದಿನ ನಾನು ಹೊಲದಲ್ಲಿ ಗಿಡಕ್ಕೆ ಕಡ್ಡಿ ಕಟ್ಟುತ್ತಿದ್ದೆ. ಫೋನ್ ಬಂತು.

"ಅಣ್ಣ, ಒಬ್ನೇ ಇದ್ದೀಯಾ?"

ರಕ್ತದ ಕ್ಯಾನ್ಸರ್ ಅಂದಳು. ಔಷಧಿಗೆ ಕೂದಲು ಉದುರಿತು ಅಂದಳು. ನಾನು ಬದುವಿನ ಮೇಲೆ ಕೂತೆ. ಬಾಯಿಗೆ ಬಂದ ಹಾಗೆ ಬೈದೆ, ಯಾಕೆ ಮುಚ್ಚಿಟ್ಟೆ ಅಂತ. ಅವಳು ಎಲ್ಲ ಬೈಸಿಕೊಂಡಳು. "ಇನ್ನೊಂದು ಸುತ್ತು ಮದ್ದು ಮುಗುದ್ರೆ ಪ್ಲೇನ್ ಅತ್ಬೋದು ಅಂದವ್ರೆ ಡಾಕ್ಟ್ರು. ನೀನು ಬಂದು ಕರ್ಕೊಂಡು ಓಗಣ್ಣ. ಅವ್ವಂಗೆ ಏಳ್ಬ್ಯಾಡ, ಪಾಪ, ಕೂದ್ಲು ಕೊಟ್ಟು ಕುಂತೈತೆ" ಅಂದಳು.

ವೀಸಾಗೆ ಚೆನ್ನೈಗೆ ಓಡಾಡಿದ್ದು, ಕಾದದ್ದು, ಅದನ್ನೆಲ್ಲ ಬರೆದರೆ ಇನ್ನೂ ಕೋಪ ಬರುತ್ತದೆ, ಬಿಡುತ್ತೇನೆ. ತಂಗಿಗೆ ಸ್ವಲ್ಪ ಹುಷಾರಿಲ್ಲ, ಕರೆದುಕೊಂಡು ಬರುತ್ತೇನೆ ಅಂತ ಅವ್ವನಿಗೆ ಹೇಳಿದೆ. ಅವ್ವ ಹುರಿಟ್ಟು ಮಾಡಿ ಕಟ್ಟಿಕೊಟ್ಟಳು, ಬರುವಾಗ ದಾರಿಯಲ್ಲಿ ಇಬ್ಬರೂ ತಿನ್ನಿ ಅಂತ.

ವೆನ್ಲೊ ನಿಲ್ದಾಣದಲ್ಲಿ ಇಳಿದಾಗ ನನಗೆ ದಾರಿ ಕೇಳಬೇಕಾಗಲಿಲ್ಲ. ಎಡಕ್ಕೆ ಹೋದರೆ ಏನು, ಬಲಕ್ಕೆ ಹೋದರೆ ಏನು, ಎಲ್ಲ ಗೊತ್ತು. ಗೊತ್ತಿಲ್ಲದೆ ಇದ್ದದ್ದು ಒಂದೇ ಜಾಗ, ಅವಳು ನಮಗೆ ಯಾವತ್ತೂ ತೋರಿಸದೆ ಇದ್ದ ಆಸ್ಪತ್ರೆ. ಕೆಳಗಿನ ಮನೆಯ ಮುದುಕಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಹಾಸಿಗೆಯಲ್ಲಿ ಅವಳನ್ನು ನೋಡಿದ ಮೇಲೆ ಪ್ಲೇನಿನ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ. ನಮ್ಮ ಅಜ್ಜಿ ತೀರಿಕೊಂಡಾಗಲೂ ಅಷ್ಟು ಸಣ್ಣಗೆ ಇರಲಿಲ್ಲ.

ಅವಳೇ ಒಂದು ದಾರಿ ಮಾಡಿದಳು. "ಇಲ್ಲಿ ಕುಂತ್ಕಂಡು ನನ್ ಮೊಕ ಏನ್ ನೋಡ್ತೀಯ? ಓಗಿ ಊರ್ ಸುತ್ತು. ನಂಗೂ ತೋರ್ಸು." ಹಾಗೆ ಕೆಲಸ ಅದಲುಬದಲಾಯಿತು. ನಾನು ಫೋನ್ ಹಿಡಿದು ನಡೆಯುವವನು, ಅವಳು ಮಲಗಿ ನೋಡುವವಳು. ಸೈಕಲ್ಲಿನ ದಾರಿಯಲ್ಲಿ ನಡೆದು ಒಬ್ಬಳ ಕೈಲಿ ಬೈಸಿಕೊಂಡೆ. ಸಂತೆಯಲ್ಲಿ ಮೇಣದಬತ್ತಿಯಂಥ ಬಿಳಿಯ ಒಂದು ತರಕಾರಿ ರಾಶಿ ಹಾಕಿದ್ದರು, ಅದನ್ನು ಇಲ್ಲಿಯವರು ಹಬ್ಬದ ಹಾಗೆ ತಿನ್ನುತ್ತಾರೆ ಅಂದಳು. ಒಂದು ತಕ್ಕಾಳಿ ಕೊಂಡು ಕಚ್ಚಿದೆ.

"ಎಂಗೈತೆ?" ಅಂದಳು.

"ಬರೀ ನೀರು ಕಣೇ. ಉಳೀನೂ ಇಲ್ಲ, ಸೀನೂ ಇಲ್ಲ."

"ಅದು ನಾನು ಬೆಳ್ಸಿದ್ದಿರ್ಬೋದು, ನೋಡ್ಕಂಡು ಮಾತಾಡು" ಅಂದಳು, ನಕ್ಕಳು, ಕೆಮ್ಮು ಬಂತು.

ಸೇತುವೆಯ ಮೇಲೆ ನಿಂತು ಹೊಳೆ ತೋರಿಸಿದೆ. ಮರಳು ತುಂಬಿದ ಉದ್ದನೆಯ ದೋಣಿ ಕೆಳಗೆ ಹಾದುಹೋಯಿತು. ಅವಳಿಗೆ ಅದು ಪೂರ್ತಿ ಹೋಗುವವರೆಗೂ ನೋಡಬೇಕಿತ್ತು, ಚಳಿಗೆ ನನ್ನ ಬೆರಳು ಮರಗಟ್ಟಿದರೂ ಹಿಡಿದುಕೊಂಡೇ ಇದ್ದೆ. ಆಮೇಲಿನ ದಿನಗಳಲ್ಲಿ ಹೊಳೆ ದೂರ ಅಂದಳು, ಚೌಕ ಸಾಕು ಅಂದಳು. ಆಮೇಲೆ ಅವಳ ಬೀದಿ ಸಾಕು. ಆಮೇಲೆ ನಾನು ಹೊರಗೆ ಹೋಗುವುದೇ ಬೇಡ, ಕಿಟಕಿಯ ಪರದೆ ಸರಿಸಿದರೆ ಸಾಕು. ಹೋದ ವರ್ಷ ಜಗಲಿಯ ಮೇಲೆ ಕೂತು ನಾನು ಗಮನಿಸದೆ ಇದ್ದದ್ದನ್ನು ಈಗ ಎದುರಿಗೇ ಕೂತು ನೋಡಿದೆ. ಏನೂ ಮಾಡಲಾಗಲಿಲ್ಲ.

ಡಾಕ್ಟರು ನನ್ನನ್ನು ಹೊರಗೆ ಕರೆದು ಪ್ರಯಾಣ ಆಗುವುದಿಲ್ಲ ಅಂದರು. ನಾನು ಒಳಗೆ ಬರುವಷ್ಟರಲ್ಲಿ ಅವಳಿಗೆ ಗೊತ್ತಾಗಿತ್ತು. "ಇಲ್ಲೇ ಮಣ್ಣು ಮಾಡ್ಬುಡು. ಪೆಟ್ಗೇಲಿ ತಕ್ಕೊಂಡೋದ್ರೆ ಅವ್ವ ಮುಚ್ಚಳ ತೆಗ್ಸಿ ನೋಡ್ತಾಳೆ. ಈ ಮೊಕ ಅವ್ಳು ನೋಡ್ಬಾರ್ದು" ಅಂದಳು. ಒಂದು ಬೆಳಿಗ್ಗೆ ನನ್ನ ಕೈ ಹಿಡಿದಿದ್ದಾಗಲೇ ಹೋದಳು. ಅವತ್ತು ಆಸ್ಪತ್ರೆಯ ಹೊರಗೆ ಬಿಸಿಲು ಚೆನ್ನಾಗಿತ್ತು, ಜನ ಐಸ್‌ಕ್ರೀಮ್ ತಿನ್ನುತ್ತ ಹೋಗುತ್ತಿದ್ದರು. ನನಗೆ ಆ ಊರಿನ ಮೇಲೆ ತಡೆಯಲಾರದ ಸಿಟ್ಟು ಬಂತು.

ಮಣ್ಣಿಗೆ ಬಂದವರು ನಾಲ್ಕೈದು ಜನ: ಮುದುಕಿ, ಪೋಲೆಂಡಿನ ಹೆಂಗಸು, ಗಾಜಿನ ಮನೆಯ ಇನ್ನಿಬ್ಬರು ಮೂವರು. ಎಲ್ಲರೂ ಕಪ್ಪು ಬಟ್ಟೆ ಹಾಕಿ ಸಾಲಾಗಿ ನಿಂತರು. ನಮ್ಮಲ್ಲಿ ಸಾವಾದರೆ ಹೆಂಗಸರು ಬೀದಿಯ ತುದಿಯಿಂದಲೇ ಎದೆ ಬಡಿದುಕೊಂಡು ಬರುತ್ತಾರೆ, ಕತ್ತು ತಬ್ಬಿ, ಸತ್ತವರ ಒಂದೊಂದು ಗುಣವನ್ನೂ ರಾಗವಾಗಿ ಹೇಳಿ ಅಳುತ್ತಾರೆ. ಅಳದೆ ಬಂದುಹೋದವಳನ್ನು ಹತ್ತು ವರ್ಷ ಆಡಿಕೊಳ್ಳುತ್ತಾರೆ. ಅಲ್ಲಿ ಒಂದು ಉಸಿರೂ ಜೋರಾಗಿ ಬರಲಿಲ್ಲ. ಪೋಲೆಂಡಿನವಳ ಕಣ್ಣು ಕೆಂಪಾಗಿತ್ತು. ಮುದುಕಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದಳು. ದುಃಖ ಇತ್ತು, ಇಲ್ಲ ಅನ್ನುವುದಿಲ್ಲ, ಎಲ್ಲರೂ ಅದನ್ನು ಅದುಮಿ ಹಿಡಿದಿದ್ದರು. ಒಬ್ಬರಾದರೂ ಬಾಯಿಬಿಟ್ಟು ಅಳಬಾರದೇ ಅಂತ ನನಗೆ ಒಳಗೇ ಕುದಿಯಿತು. ಸರಿ, ನಾನೇ ಅಳೋಣ ಅಂತ ಬಾಯಿ ತೆರೆದೆ. ಗಂಡಸರಿಗೆ ಆ ರಾಗ ಯಾರು ಕಲಿಸಿದ್ದಾರೆ? ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದೆ. ಆಮೇಲೆ ಒಂದು ಕೋಣೆಯಲ್ಲಿ ಎಲ್ಲರಿಗೂ ಕಾಫಿ, ಬನ್ನು, ಹಣ್ಣು ಹಾಕಿ ಸುಟ್ಟ ಸಿಹಿ ಕೊಟ್ಟರು. ಅದು ಅಲ್ಲಿಯ ಪದ್ಧತಿ. ಮುದುಕಿ ನನ್ನ ತಟ್ಟೆಗೆ ಒಂದು ತುಂಡು ಇಟ್ಟು, "ಉಂಡ್ಯಾ?" ಅಂದಳು. ತಿಂದೆ.

ಅವ್ವನಿಗೆ ವಿಷಯವನ್ನು ನನ್ನ ಹೆಂಡತಿ ಹೇಳಿದ್ದಳು. ನಾನು ಊರಿಗೆ ಬಂದಾಗ ಮಧ್ಯಾಹ್ನ. ಅವ್ವ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಸುದ್ದಿ ಕೇಳಿದ ದಿನದಿಂದ ಅತ್ತಿಲ್ಲ, ಯಾರು ಬಂದು ತಬ್ಬಿದರೂ ಕಲ್ಲಿನ ಹಾಗೆ ಇರುತ್ತಾಳೆ, ನಮಗೆ ಹೆದರಿಕೆ ಅಂತ ಹೆಂಡತಿ ಬಾಗಿಲಲ್ಲೇ ಹೇಳಿದಳು. ಕರೆದುಕೊಂಡು ಬರುತ್ತೇನೆ ಅಂತ ಹೇಳಿ ಹೋದವನು ನಾನು. ಅವಳ ಮುಂದೆ ಒಬ್ಬನೇ ಹೋಗಿ ನಿಂತೆ.

"ಬಂದ್ಯಾ, ಕುಂತ್ಕ" ಅಂದಳು. ಕುಡಿಯಲು ನೀರು ತರಿಸಿದಳು. ಕಾಯಿಲೆಯ ವಿಷಯ ಕೇಳಲಿಲ್ಲ. ತಲೆಕೂದಲಿನ ವಿಷಯ ಕೇಳಲಿಲ್ಲ. ನಾನು ನೀರು ಕುಡಿದು ಚೊಂಬು ಕೆಳಗಿಟ್ಟ ಮೇಲೆ ಕೇಳಿದಳು.

"ಮಣ್ಣಿಗಿಕ್ದಾಗ ಅಲ್ಲಿ ಯಾರಾದ್ರೂ ಅತ್ರಾ?"

"ಅತ್ರವ್ವ."

"ಬಾಯ್ಬುಟ್ಟು ಅತ್ರಾ?"

"ಬಾಯ್ಬುಟ್ಟೇ ಅತ್ರು. ಬೀದಿ ಬೀದಿಯೋರೆಲ್ಲ ಬಂದಿದ್ರು. ಎಂಗಸ್ರೆಲ್ಲ ಕತ್ತು ತಬ್ಕಂಡು ಅತ್ರು."

"ಅವ್ಳ್ ಎಸ್ರು ಏಳಿ?"

"ಎಸ್ರು ಏಳೇ ಅತ್ರು. ತಡ್ಯಾಕೇ ಆಗ್ಲಿಲ್ಲ."

ಅವ್ವ ತುಂಬಾ ಹೊತ್ತು ನನ್ನನ್ನೇ ನೋಡಿದಳು. ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡಳು.

"ಅಂಗಾದ್ರೆ ಒಳ್ಳೆ ಊರೇಯ" ಅಂದಳು, ಬಾಯಿಬಿಟ್ಟು ಅಳತೊಡಗಿದಳು.